ಗುಡುಗು ಆರಿಸಿದ ಟ್ಯೂಬಾ

ಹತ್ತಿ ಗಿರಣಿಯ ಬ್ಯಾಂಡಿನಲ್ಲಿ ಇಪ್ಪತ್ತೇಳು ವರ್ಷ ಟ್ಯೂಬಾ ಎಂಬ ಭಾರಿ ಕಹಳೆ ಊದಿದವನನ್ನು ಎಲ್ಲರೂ ‘ಗುಡುಗು’ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಹತ್ತಿ ಹಿಂಜುವ ಯಂತ್ರದ ಮುಂದೆ, ಸಂಜೆಯಾದರೆ ಆ ಹಿತ್ತಾಳೆಯ ಹೊರೆ ತೊಡೆಯ ಮೇಲೆ. ಹೆಂಡತಿ ತೀರಿಕೊಂಡ ಮೇಲೆ ಮಗಳಿಗೆ ಅಡುಗೆ ಕಲಿಸಲು ಅವನಿಗೆ ಬರಲಿಲ್ಲ, ಟ್ಯೂಬಾ ಕಲಿಸಿದ. ಅವಳೀಗ ಅದೇ ಗಿರಣಿಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಅಪ್ಪನ ನಂತರ ಆ ಕುರ್ಚಿ ಅವಳದೇ ಎಂದು ಬ್ಯಾಂಡ್ ಮಾಸ್ಟರ್ ಹೇಳಿಯೂ ಆಗಿತ್ತು.

ಗುಡುಗಿನ ಎದೆಯಲ್ಲಿ ಹತ್ತಿಯ ದೂಳು ಕೂತಿತ್ತು. ಎರಡು ವರ್ಷದಿಂದ ಅವನು ಒಂದು ಸ್ವರ ಊದಿದರೆ ಇನ್ನೊಂದನ್ನು ನುಂಗುತ್ತಿದ್ದ, ನುಂಗಿದ ಕಡೆ ಬರಿದೇ ಬೆರಳಾಡಿಸುತ್ತಿದ್ದ. ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತದೆ, ಕುರ್ಚಿ ಹೋದರೆ ಅವನಲ್ಲಿ ಉಳಿಯುವುದು ಕೆಮ್ಮು ಮಾತ್ರ.

ಅಷ್ಟರಲ್ಲಿ ಹಳೆಯ ಟ್ಯೂಬಾ ಬೆಸುಗೆಗೂ ನಿಲ್ಲದಂತೆ ಸೀಳಿತು. ಗಿರಣಿಯವರು ಹೊಸದೊಂದು ಕೊಡಿಸಲು ಒಪ್ಪಿದರು. ಒಂದೇ ಒಂದು. ಆರಿಸುವ ಕೆಲಸ ಗುಡುಗಿನದು.

ಮಗಳನ್ನೂ ಮಾಸ್ಟರನ್ನೂ ಕರೆದುಕೊಂಡು ಅವನು ವಾದ್ಯದಂಗಡಿಗೆ ಹೋದ. ಅಂಗಡಿಯವನು ಎರಡು ಟ್ಯೂಬಾಗಳನ್ನು ಮೇಜಿನ ಮೇಲಿಟ್ಟ. “ಯಜಮಾನ್ರೇ, ಬೋರ್ ನೋಡಿ, ಅಂದ್ರೆ ಕೊಳವೆ ಒಳಗಿನ ಅಗಲ. ಇದು ಹದಿನಾರೂವರೆ ಮಿಲಿಮೀಟರ್, ಅದು ಇಪ್ಪತ್ತು.”

“ನಂಗೇ ಪಾಠ ಹೇಳ್ತೀರಾ?” ಎಂದು ಗುಡುಗು ನಕ್ಕ. ಮೂರೂವರೆ ಮಿಲಿಮೀಟರ್ ಎಂದರೆ ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಆದರೂ ಅಷ್ಟು ಅಗಲಕ್ಕೆ ಎಷ್ಟು ಉಸಿರು ಹೆಚ್ಚು ಬೇಕೆಂದು ಅವನಿಗೆ ಗೊತ್ತಿತ್ತು.

ತೀರಾ ಕೆಳಗಿನ ಸ್ವರವನ್ನು ಒಂದೇ ಉಸಿರಿಗೆ ಹಿಡಿಯುವುದು, ಪಕ್ಕದವರು ಎಣಿಸುವುದು, ಇದು ಬ್ಯಾಂಡಿನವರ ಪರೀಕ್ಷೆ. ಮಗಳು ಎಣಿಸಿದಳು. ಕಿರಿದಾದದ್ದರಲ್ಲಿ ಅವನು ಹನ್ನೊಂದರವರೆಗೆ ನಿಂತ. ಅಗಲದ್ದರಲ್ಲಿ ಐದಕ್ಕೇ ಕಣ್ಣು ಕತ್ತಲಿಟ್ಟಿತು. “ತುಟಿ ಜಾರ್ತು,” ಎಂದು ಸುಳ್ಳು ಹೇಳಿದ.

ಆಮೇಲೆ ಮಗಳು ಅಗಲದ್ದನ್ನು ಎತ್ತಿಕೊಂಡಳು. ಹದಿನೆಂಟು ಎಣಿಸಿದರೂ ಸ್ವರ ಅಲುಗಲಿಲ್ಲ. ಗಾಜಿನ ಕಪಾಟು ಝಲ್ಲೆಂದಿತು. ಗುಡುಗಿನ ಕಾಲಿನಡಿಯ ನೆಲ ನಡುಗಿತು. ಹರೆಯದಲ್ಲಿ ಅವನೂ ಹೀಗೆಯೇ ಊದುತ್ತಿದ್ದ. ಹೆಮ್ಮೆಪಡಬೇಕಿತ್ತು. ಅವನಿಗೆ ಹೊಟ್ಟೆ ಉರಿಯಿತು, ಸ್ವಂತ ಮಗಳ ಮೇಲೆ.

“ಯಾವ್ದು ತಗೊಳ್ಳೋಣ, ನೀವೇ ಹೇಳಿ,” ಎಂದರು ಮಾಸ್ಟರ್.

“ಕಿರಿದೇ ಇರ್ಲಿ. ಅಗಲದ್ದು ಸುಮ್ನೆ ಗಾಳಿ ಕುಡಿಯುತ್ತೆ. ನಡ್ಕೊಂಡು ಊದೋರಿಗೆ ಇದೇ ಸರಿ.”

“ಅಪ್ಪಾ, ಬಯಲಲ್ಲಿ ಇದು ಕೇಳ್ಸುತ್ತಾ?”

“ಇಪ್ಪತ್ತೇಳು ವರ್ಷ ಊದಿರೋದು ನೀನೋ ನಾನೋ? ಸುಮ್ನಿರು.”

ಅವಳು ಅಗಲದ್ದನ್ನು ಮತ್ತೆ ಮೇಜಿನ ಮೇಲಿಟ್ಟಳು. ಗುಡುಗಿನ ಮಾತಿಗೆ ಮಾಸ್ಟರ್ ಎಂದೂ ಎದುರಾಡಿದವರಲ್ಲ, ಕಿರಿದಾದದ್ದೇ ಮನೆಗೆ ಬಂತು.

ಹಾಗೆ ಉಳಿಸಿಕೊಂಡ ಕುರ್ಚಿ ಅವನಿಗೆ ದಕ್ಕಿದ್ದು ಏಳು ತಿಂಗಳು. ಎಂಟನೆಯ ತಿಂಗಳಲ್ಲಿ ಕಿರಿದಾದ ಕೊಳವೆಗೂ ಉಸಿರು ಸಾಲದಾಯಿತು. ಒಂದು ದಿನ ಅಭ್ಯಾಸದ ಕೋಣೆಯಲ್ಲೇ ಕುಸಿದ. ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿದರು, ಇನ್ನು ಊದಕೂಡದು ಎಂದು ಲಕೋಟೆಗೆ ಹಾಕಿದರು. ಕುರ್ಚಿ ಮಗಳಿಗೆ ಹೋಯಿತು. ಟ್ಯೂಬಾ ಮಾತ್ರ ಅದೇ. ಗಿರಣಿಯವರು ಇನ್ನು ಇಪ್ಪತ್ತೈದು ವರ್ಷ ಬೇರೊಂದು ಕೊಡಿಸುವ ಮಾತೇ ಇಲ್ಲ.

ಅವಳ ಮೊದಲ ಕಾರ್ಯಕ್ರಮ ಉದ್ಯಾನದಲ್ಲಿ. ಗುಡುಗು ಕೋಲೂರಿಕೊಂಡು ಬಂದು ಬೇಕೆಂದೇ ಕೊನೆಯ ಬೆಂಚಿನಲ್ಲಿ ಕೂತ. ತುತ್ತೂರಿ ಕೇಳಿಸಿತು, ಡ್ರಮ್ಮು ಕೇಳಿಸಿತು. ಮಗಳ ಕೆನ್ನೆ ಉಬ್ಬುವುದು, ಕುತ್ತಿಗೆಯ ನರ ಬಿಗಿಯುವುದು, ಬೆರಳಾಡುವುದು ಎಲ್ಲ ಕಾಣುತ್ತಿತ್ತು. ಸ್ವರ ಮಾತ್ರ ಅಲ್ಲಿಯವರೆಗೆ ಬರಲಿಲ್ಲ. ಮುಂದೆ ಕೂತವನೊಬ್ಬ ಹೆಂಡತಿಗೆ ಹೇಳಿದ: “ಆ ಹುಡುಗಿ ಊದೋ ಹಾಗೆ ನಾಟಕ ಆಡ್ತಿದ್ದಾಳೆ ನೋಡು.”

ಹಾಗೆ ನಾಟಕ ಆಡಿದವನು ಹಿಂದೆಯೇ ಕೂತಿದ್ದ. ಎದ್ದು ಹೇಳಬೇಕೆಂದು ಕೋಲೂರಿದ, ಮತ್ತೆ ಕೂತ.

ಮುಗಿದ ಮೇಲೆ ಅವಳು ಬೆವರು ಒರೆಸಿಕೊಳ್ಳುತ್ತ ಬಂದಳು. ತುಟಿ ಊದಿಕೊಂಡಿತ್ತು.

“ಇಲ್ಲಿಗೆ ಕೇಳ್ಸ್ತಾ ಅಪ್ಪಾ?”

“ಕೇಳ್ಸ್ತು ಮಗಳೇ. ಚೆನ್ನಾಗಿ ಕೇಳ್ಸ್ತು.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಒಂದು ಕೈಯಲ್ಲಿ ಟ್ಯೂಬಾ ಎತ್ತಿಕೊಂಡು, ಇನ್ನೊಂದು ಕೈಯನ್ನು ಅವನ ತೋಳಿಗೆ ಕೊಟ್ಟಳು. ಅವನಿಗೆ ಏದುಸಿರು ಬಂದಾಗಲೆಲ್ಲ ನಿಲ್ಲುತ್ತ, ಮನೆಯವರೆಗೂ ನಡೆಸಿಕೊಂಡು ಹೋದಳು.