ಮೆಣಸಿನಕಾಯಿ ಚೀಲವೂ ಮಲ್ಲಪ್ಪನೂ

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಮೊದಲ ದಿನ. ಫೋರ್ಕ್‌ಲಿಫ್ಟ್ ಚಾಲೂ ಮಾಡಿ ಮೆಣಸಿನಕಾಯಿ ಚೀಲಕ್ಕೆ ಕಾಯುತ್ತಿದ್ದರೆ, ಅದರ ಮುಂದಿನ ಎರಡು ಕಬ್ಬಿಣದ ತೋಳುಗಳ ಮೇಲೆ ಒಬ್ಬ ಮನುಷ್ಯ ಹತ್ತಿ ನಿಂತ. ಬಾಯಿ ತುಂಬ ಗುಟ್ಕಾ. "ಎತ್ರಿ ಅಕ್ಕಾರ, ಲಗೂ," ಎಂದು ಪಕ್ಕಕ್ಕೆ ಪಿಚಕ್ಕನೆ ಉಗಿದ. ನಾನು ಮುಖ ತಿರುಗಿಸಿದೆ.

ಅವನು ಹಮಾಲ ಮಲ್ಲಪ್ಪ. ಒಟ್ಟಿದ ಚೀಲಗಳ ತುದಿಗೆ ಇಲ್ಲಿ ಜನ ಏರುವುದೇ ಹೀಗೆ. ಏಣಿ ಎಂಬುದೇ ಇಲ್ಲ.

"ಇಳೀರಿ. ಮನುಷ್ಯರನ್ನ ನಾನು ಎತ್ತುದಿಲ್ಲ," ಎಂದೆ.

ಕುಂದಾಪುರದವರಾದ ನಿಮಗೆ ಗೊತ್ತಲ್ಲ, ನಾನು ಮೊದಲು ಗಾಡಿ ಓಡಿಸುತ್ತಿದ್ದ ನಮ್ಮೂರ ಮೀನಿನ ಫ್ಯಾಕ್ಟರಿ ನಾರುತ್ತಿತ್ತು, ನಿಜ. ಆದರೆ ದಿನಾ ಸಂಜೆ ನೆಲ ತೊಳೆಯುತ್ತಿದ್ದರು. ಯಾರನ್ನಾದರೂ ಹೀಗೆ ಎತ್ತಿದ ಚಾಲಕನನ್ನು ಅವತ್ತೇ ಗೇಟಿನಾಚೆ ಕಳಿಸುತ್ತಿದ್ದರು. ಇಲ್ಲಿ ಗಾಡಿಯ ಮೇಲೆ ಮೆಣಸಿನ ಪುಡಿ ಯಾವುದು, ಉಗುಳು ಯಾವುದು ಎಂದೇ ಗೊತ್ತಾಗುವುದಿಲ್ಲ. ಮನೆ ಬಾಡಿಗೆಗೆ ಕೊಟ್ಟ ಅಜ್ಜಿ, "ಮೀನಾ ಗೀನಾ ಮಾಡಂಗಿಲ್ಲ ನೋಡವ್ವ, ಹೊಲಸು," ಎಂದಳು. ಹೊಲಸಂತೆ! ಅವಳ ಓಣಿಯ ಗೋಡೆಗಳನ್ನು ನೀವೊಮ್ಮೆ ನೋಡಬೇಕು.

ಸ್ಟೋರೇಜಿನ ಮಾಲೀಕರಾದ ಸಾವ್ಕಾರರ ಹತ್ತಿರ ಏಣಿ ಕೇಳಿದೆ. ಅವರು ಗಾಡಿಗೆ ಹಚ್ಚಿದ್ದ ಕುಂಕುಮ ತೋರಿಸಿದರು.

"ದಸರಾದಾಗ ಪೂಜಿ ಜೋರ್ ಮಾಡೇವ್ರಿ. ಏನೂ ಆಗಂಗಿಲ್ಲ. ನೀವು ಒಲ್ಲೆ ಅಂದ್ರ ಬಿಡ್ರಿ, ಬಸ್ಯಾ ಎತ್ತತಾನ."

ಬಸ್ಯಾ ಇನ್ನೊಬ್ಬ ಚಾಲಕ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಲಿವರು. ಅವನು ಎತ್ತಿದ ರಭಸಕ್ಕೆ ಮಲ್ಲಪ್ಪ ಮೇಲೆ ಜೋಲಿ ಹೊಡೆದು ಚೀಲವೊಂದನ್ನು ತಬ್ಬಿಕೊಂಡ. ಕೆಳಗಿದ್ದವರು ನಕ್ಕರು.

ಮರುದಿನ ಮಲ್ಲಪ್ಪ ಮತ್ತೆ ನನ್ನ ಗಾಡಿಯ ಮುಂದೆ ಬಂದು ನಿಂತ.

"ಅಕ್ಕಾರ, ಮ್ಯಾಲ ಹೋಗೂದಂತೂ ನನಗ ತಪ್ಪಂಗಿಲ್ಲ. ಅವನ ಕೈಯಾಗ ಹೋಗ್ಲೋ, ನಿಮ್ಮ ಕೈಯಾಗ ಹೋಗ್ಲೋ, ನೀವ ಹೇಳ್ರಿ."

ಎತ್ತಿದೆ. ಉಸಿರು ಬಿಗಿಹಿಡಿದು, ಮೊಟ್ಟೆ ಎತ್ತಿದ ಹಾಗೆ.

ಈಗ ಹಮಾಲರೆಲ್ಲ ನನ್ನ ಗಾಡಿಯನ್ನೇ ಹುಡುಕಿಕೊಂಡು ಬರುತ್ತಾರೆ. ಮಲ್ಲಪ್ಪನ ಹೆಂಡತಿ "ನಮ್ಮ ಅಕ್ಕಾರಿಗೆ" ಎಂದು ರೊಟ್ಟಿ, ಕೆಂಪು ಚಟ್ನಿ ಕಟ್ಟಿ ಕಳಿಸುತ್ತಾಳೆ. ಮೆಣಸಿನ ಘಾಟಿಗೆ ನಾನು ಸೀನುವುದೂ ನಿಂತಿದೆ. ಏಣಿ ಮಾತ್ರ ಬಂದಿಲ್ಲ.

ಮೊನ್ನೆ ಅಮ್ಮ ಫೋನಿನಲ್ಲಿ, "ಮಗಾ, ಆ ಊರ್ ಹೊಂದ್ಕಂತಾ?" ಎಂದು ಕೇಳಿದರು. ಹೂಂ ಎಂದೆ. ನಮ್ಮ ಫ್ಯಾಕ್ಟರಿಗೆ ಈಗ ಮರಳಿದರೆ ಮೊದಲ ದಿನವೇ ಗೇಟಿನಾಚೆ ಕಳಿಸಬೇಕಾದವಳು ನಾನೇ. ಮಲ್ಲಪ್ಪನ ಮನೆಯ ರೊಟ್ಟಿ ರುಚಿಯಾಗಿಯೇ ಇರುತ್ತದೆ. ತಿನ್ನುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.