ವಜ್ರದ ಮೊನೆಯ ಕೆಳಗಿನ ಪದರ

ರಾಮನಗರದ ಹೊರಗೆ ಹೊಲಗಳ ನಡುವೆ ಶೆಡ್ಡುಗಳು ಏಳುತ್ತಿದ್ದ ವರ್ಷಗಳವು. ಅಂಥದೊಂದು ಶೆಡ್ಡಿನ ಲ್ಯಾಬಿನಲ್ಲಿ ನನಗೆ ಕೆಲಸ. ಆಂಟೆನಾಗಳಿಗೆಂದು ಫೆರೋಎಲೆಕ್ಟ್ರಿಕ್ ಎಂಬ ವಸ್ತುವನ್ನು ಪುಟ್ಟ ಬಿಲ್ಲೆಗಳ ಮೇಲೆ ಕೂದಲೆಳೆಗಿಂತ ನೂರು ಪಟ್ಟು ತೆಳ್ಳಗೆ ಬಳಿಯುತ್ತಿದ್ದರು. ವೋಲ್ಟೇಜ್ ಬದಲಿಸಿದರೆ ಸಾಕು, ಆಂಟೆನಾ ಬೇರೆ ಅಲೆಯನ್ನು ಹಿಡಿಯಬೇಕು. ಆದರೆ ಕುಲುಮೆಯಿಂದ ತೆಗೆದ ಪದರ ತಣಿಯುವಾಗ ಬಿರುಕು ಬಿಡಬಾರದು. ವಜ್ರದ ಮೊನೆಯಿಂದ ಮೆಲ್ಲಗೆ ಒತ್ತಿ, ಅದು ಎಷ್ಟು ತಗ್ಗಿತು, ಎಷ್ಟು ಮರಳಿತು ಎಂದು ಅಳೆಯುವವಳು ನಾನು.

ಬೆಳಿಗ್ಗೆ ಗಟ್ಟಿಯೆಂದು ತೋರಿದ ಪದರವೇ ಮಧ್ಯಾಹ್ನ ಮೆತ್ತಗೆ ತೋರುತ್ತಿತ್ತು. ನಿಮ್ಮ ಕೈ ಸ್ಥಿರವಿಲ್ಲ ಎಂದು ಎಂಜಿನಿಯರು ಎಲ್ಲವನ್ನೂ ಮತ್ತೆ ಮತ್ತೆ ಅಳೆಸಿದರು. ಅಕ್ಕೂರಿನಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದ ನಾನು ತಿಂಗಳುಗಟ್ಟಲೆ ಅದನ್ನೇ ಮಾಡಿದೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಯಿತು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಾಗ ವಾಚ್‌ಮನ್ ಏನಾಯಿತೆಂದು ಕೇಳಿದರು. ಕೂಟಗಲ್ಲಿನವರು, ಕ್ವಾರಿಯಲ್ಲಿ ಕಲ್ಲು ಒಡೆದು ಬೆನ್ನು ಹಾಳಾದ ಮೇಲೆ ಕಾವಲಿಗೆ ಸೇರಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಯಾವ ಹೊತ್ತಿನಲ್ಲಿ ಕೆಡುತ್ತದೆ ಎಂದು ವಿಚಾರಿಸಿದರು.

"ನಿಮ್ ಕೈದಲ್ಲ ಕಣಮ್ಮ ತಪ್ಪು. ಆ ಹೊತ್ಗೆ ಕ್ವಾರಿಲಿ ಮದ್ದು ಸಿಡಿಸ್ತಾರೆ. ಸದ್ದು ಕೇಳ್ದೇ ಇದ್ರೂ ನೆಲ ಒಸಿ ಅದುರ್ತೈತೆ. ನನ್ ಕಾಲ್ಗೆ ಗೊತ್ತಾಯ್ತದೆ."

ಕ್ವಾರಿಗೆ ರಜೆಯಿದ್ದ ಭಾನುವಾರ ಬಂದು ಅಳೆದೆ. ಅಂಕಿಗಳು ಒಂದಕ್ಕೊಂದು ಹೊಂದಿಕೊಂಡವು. ಅಲ್ಲಿಂದ ಮುಂದೆ ನನ್ನ ಭಾನುವಾರಗಳೂ ಅಳತೆಗೇ ಹೋದವು. ಎಂಜಿನಿಯರು ಹಾಳೆಗಳನ್ನು ನೋಡಿ, ಮೊದಲ ಸಲ ನನಗೆ ಕುರ್ಚಿ ಎಳೆದುಕೊಟ್ಟರು.

ಆದರೆ ಅಂಕಿಗಳು ಸರಿಯಾದ ಮೇಲೆ ದೋಷವೂ ಸ್ಪಷ್ಟವಾಯಿತು. ತಣಿಯುವಾಗ ಪದರ ತನ್ನಡಿಯ ಬಿಲ್ಲೆಗಿಂತ ಹೆಚ್ಚು ಕುಗ್ಗಿ ತಾನೇ ಹರಿದುಕೊಳ್ಳುತ್ತಿತ್ತು. ಇನ್ನೂ ತೆಳುವಾಗಿ ಬಳಿದರು, ಇಡೀ ದಿನ ನಿಧಾನವಾಗಿ ತಣಿಸಿದರು. ಬಿರುಕು ನಿಲ್ಲಲಿಲ್ಲ. ಈ ಪದರ ತಾಳುವುದಿಲ್ಲ ಎಂದು ವರದಿಯಲ್ಲಿ ಬರೆದು ಸಹಿ ಹಾಕಿದವಳು ನಾನೇ. ಆಂಟೆನಾದ ಕೆಲಸವೇ ನಿಂತಿತು.

ವಿಷಯ ತಿಳಿದ ವಾಚ್‌ಮನ್ ಮುಖ ಚಿಕ್ಕದು ಮಾಡಿಕೊಂಡರು.

"ನಾನು ಬಾಯ್ ಬುಟ್ಟಿದ್ದೇ ತಪ್ಪಾಯ್ತೇನಮ್ಮ?"

ಇಲ್ಲ ಎಂದೆ. ಅದು ನಿಜವೇ ಆಗಿತ್ತು; ದೋಷ ಪದರದ್ದು, ಅವರ ಮಾತಿನಿಂದ ಅದು ಕಣ್ಣಿಗೆ ಬಿತ್ತು ಅಷ್ಟೆ. ಆದರೆ ಇದನ್ನು ಬಿಡಿಸಿ ಹೇಳುವಷ್ಟು ತ್ರಾಣವಿರಲಿಲ್ಲ. ಮನೆಗೆ ಹೋಗಿ ಉಣ್ಣದೆ ಮಲಗಿದವಳು ಎದ್ದದ್ದು ಮಾರನೆಯ ದಿನ ಬಿಸಿಲೇರಿದ ಮೇಲೆ.