ಮೊದಲು ಮಾಲೀಕರು ಕೂರಲಿ

ಸಲೂನಿಗೆ ಕೆಲಸ ಕೇಳಿಕೊಂಡು ಹೋಗುವವರು ವಾರದ ನಡುವೆ, ಮಧ್ಯಾಹ್ನ, ಮಾಲೀಕ ಕಾಲು ಚಾಚಿ ಪೇಪರ್ ಓದುವ ಹೊತ್ತಿಗೆ ಹೋಗಬೇಕು. ಇದು ಅಪ್ಪನ ಪಾಠ. ಮಗಳು ಹೊರಟದ್ದು ಭಾನುವಾರ ಬೆಳಿಗ್ಗೆ.

“ಬೈಸ್ಕೊಳ್ಳೋಕೇ ಹೋಗ್ತಿದ್ದೀಯ,” ಎಂದ ಅಪ್ಪ.

“ಖಾಲಿ ಅಂಗಡೀಲಿ ಕೇಳಿದ್ರೆ ಬೇಡ ಅನ್ನೋದು ಸುಲಭ ಅಪ್ಪ. ಹೋದ ಕಡೆಯೆಲ್ಲ ಹಾಗೇ ಆಯ್ತಲ್ಲ.”

ಅದು ನಿಜ. ಗಂಡಸರ ಗಡ್ಡಕ್ಕೆ ಹೆಂಗಸಿನ ಕೈಯೇ ಎಂದು ಎಲ್ಲರೂ ಸಾಗಹಾಕಿದ್ದರು. ಉಳಿದದ್ದು ಮೀಸೆಯಣ್ಣನ ಸಲೂನು ಒಂದೇ. ಅದೂ ತಪ್ಪಿದರೆ ಚಿಕ್ಕಮ್ಮನ ಅಂಗಡಿಯಲ್ಲಿ ಬಟ್ಟೆ ಮಡಚುತ್ತ ಕೂರಬೇಕು. ಅಪ್ಪನ ಕಸುಬು ಅಪ್ಪನಿಗೇ ಮುಗಿದುಹೋಗುತ್ತದೆ.

ಅಪ್ಪನೂ ಒಂದು ಕಾಲಕ್ಕೆ ಹೆಸರಾದ ಕ್ಷೌರಿಕ. ಮೊದಲು ಕೈ, ಆಮೇಲೆ ತಲೆ ನಡುಗಲು ಶುರುವಾಗಿ ಅಂಗಡಿ ಮುಚ್ಚಿದ. ಅಂದಿನಿಂದ ಅವನ ಗಡ್ಡ ತೆಗೆಯುವವಳು ಮಗಳೇ. ನಡುಗುವ ಕೆನ್ನೆಯ ಮೇಲೆ ಕಲಿತವಳಿಗೆ ಅಲುಗದ ಮುಖವೇ ಗೊತ್ತಿಲ್ಲ. ಮೊದಮೊದಲು ಅಪ್ಪನ ಗದ್ದಕ್ಕೆ ಹತ್ತಿ ಅಂಟಿಸದ ದಿನವಿರಲಿಲ್ಲ. ಈಗ ಅವನು ಆಕಳಿಸಲಿ, ಬೈಯಲಿ, ಕತ್ತಿ ತನ್ನ ಪಾಡಿಗೆ ಸರಿಯುತ್ತದೆ. ಬೈಯುವುದನ್ನಂತೂ ಅವನು ಬಿಟ್ಟಿರಲಿಲ್ಲ.

ಬರುವುದಿಲ್ಲ ಎಂದಿದ್ದ ಅಪ್ಪ ಹಿಂದೆಯೇ ಬಂದು ಸಲೂನಿನ ತೆರೆದ ಬಾಗಿಲ ಪಕ್ಕದಲ್ಲಿ ನಿಂತ. ಒಳಗೆ ಬೆಂಚು ತುಂಬಿತ್ತು. ಮೀಸೆಯಣ್ಣ ಕತ್ತರಿ ಆಡಿಸುತ್ತಿದ್ದ. ತನ್ನ ಮೀಸೆಗೆ ಯಾರ ಕೈಯನ್ನೂ ತಾಕಗೊಡದ ಮನುಷ್ಯ.

“ಯಾರನ್ನ ಹುಡುಕ್ತಿದ್ದೀಯಮ್ಮ?”

“ಕೆಲಸ ಕೇಳೋಕೆ ಬಂದೆ ಸಾರ್. ಬೆಂಚು ತುಂಬಿದೆ, ಆ ಕುರ್ಚಿ ಖಾಲಿ ಇದೆ.”

“ನಾನು ಬೇಡ ಅನ್ನಲ್ಲ ತಾಯಿ. ಆದ್ರೆ ಯಾರು ಕೂರ್ತಾರೆ, ಹೇಳು?”

“ನೀವು ಕೂತ್ಕೊಳ್ಳಿ. ನೀವೇ ಕೂರಲ್ಲ ಅಂದ್ರೆ ಇವರ್ಯಾಕೆ ಕೂರ್ತಾರೆ?”

ಬೆಂಚಿನವರು ಕಿಸಕ್ಕೆಂದು ನಕ್ಕರು. ಅಷ್ಟು ಜನರ ಮುಂದೆ ಆಗುವುದಿಲ್ಲ ಎನ್ನಲು ಮೀಸೆಯಣ್ಣನಿಗೆ ಬಾಯಿ ಬರಲಿಲ್ಲ. ಕೈಯಲ್ಲಿದ್ದ ತಲೆ ಮುಗಿಸಿ, ಖಾಲಿ ಕುರ್ಚಿಯಲ್ಲಿ ಕೂತ. ಈ ಬಾಯಿ ಅವಳಿಗೆ ಯಾರಿಂದ ಬಂತೆಂದು ಹೊರಗೆ ನಿಂತ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಮಗಳು ಹೊಸ ಬ್ಲೇಡು ಹಾಕಿ, ನೊರೆ ಹಚ್ಚಿ, ಕತ್ತಿ ಇಟ್ಟಳು. ಜೀವಮಾನವಿಡೀ ಬೇರೆಯವರ ಕುತ್ತಿಗೆಗೆ ಕತ್ತಿ ಹಿಡಿದವನು ತನ್ನದರ ಮೇಲೆ ಬಂದಾಗ ಗಡಗಡ ನಡುಗಿದ. ಎಂಜಲು ನುಂಗಿದ, ತಲೆ ಆಡಿಸಿದ, “ನಿಧಾನ, ನಿಧಾನ” ಎಂದ. ಅವಳಿಗೆ ಇದೇನು ಹೊಸದೇ? ಎರಡು ಬೆರಳಲ್ಲಿ ಗದ್ದ ಹಿಡಿದು, ಅವನು ವಾಲಿದ ಕಡೆಗೇ ತಾನೂ ವಾಲಿ ಕತ್ತಿ ಎಳೆದಳು. ನಡುವೆ ಮೀಸೆಯಣ್ಣನಿಗೆ ಸೀನು ಬಂತು. ಸೀನು ಹೊರಬೀಳುವ ಮೊದಲೇ ಕತ್ತಿ ದೂರ ಸರಿದಿತ್ತು.

“ಮುಗೀತಾ ಸಾರ್?” ಎಂದು ಕೇಳಿ ಮತ್ತೆ ಇಟ್ಟಳು. ಕೊನೆಗೆ, “ಮೀಸೆ ಅಂಚು?”

ಮೀಸೆಯಣ್ಣ ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿದ. “ಮಾಡು,” ಎಂದ.

ಅಪ್ಪನಿಗೆ ಕಣ್ಣು ತುಂಬಿ ಬಂತು. ತನ್ನ ಕೈ ಗಟ್ಟಿಯಾಗಿದ್ದ ಕಾಲದಲ್ಲೂ ಈ ಮನುಷ್ಯ ತನಗೆ ಆ ಮೀಸೆ ಒಪ್ಪಿಸುತ್ತಿರಲಿಲ್ಲ.

ಮೀಸೆಯಣ್ಣ ಕೆನ್ನೆ ಸವರಿಕೊಂಡು ಎದ್ದ. “ಮುಂದಿನವರು ಯಾರ್ರೀ?”

ಯಾರೂ ಏಳಲಿಲ್ಲ. ಅಪ್ಪ ಒಳಗೆ ಒಂದು ಕಾಲಿಟ್ಟು ಹಿಂದೆಗೆದ. ಅಪ್ಪ ಕೂತರೆ ಗಿರಾಕಿ ಕೂತಂತೆ ಆಗುವುದಿಲ್ಲ. ಅಷ್ಟರಲ್ಲಿ ಬೆಂಚಿನ ತುದಿಯಿಂದ ಒಬ್ಬ ಗಡ್ಡದವನು, “ನನಗೆ ಹೊತ್ತಾಗ್ತಿದೆ,” ಎನ್ನುತ್ತ ಬಂದು ಕುರ್ಚಿ ಹಿಡಿದ.

“ಅದು ನನ್ನ ಸರದಿ ಕಣ್ರೀ,” ಎಂದು ಇನ್ನೊಬ್ಬ ಎದ್ದು ನಿಂತ. ಆ ಕುರ್ಚಿಗಾಗಿ ಜಗಳವೇ ಹತ್ತಿಕೊಂಡಿತು.

ಮಗಳು ಬಾಗಿಲಿಗೆ ಬಂದಳು. “ಯಾಕಪ್ಪ ನಿಂತಿದ್ದೀಯ? ಮನೆಗೆ ಹೋಗು. ಊಟಕ್ಕೆ ಕಾಯಬೇಡ, ತುಂಬಾ ಜನ ಇದ್ದಾರೆ.”

ಅಪ್ಪ ಹೊರಟ. ದಾರಿಯಲ್ಲಿ ಸಿಕ್ಕ ಗಂಡಸರನ್ನೆಲ್ಲ ನಿಲ್ಲಿಸಿ, ಅವರು ಕೇಳದಿದ್ದರೂ ಹೇಳಿದ: “ಏನ್ರೀ ಇಷ್ಟು ಗಡ್ಡ? ಮೀಸೆಯಣ್ಣನ ಸಲೂನಿಗೆ ಹೋಗಿ. ನಮ್ಮ ಹುಡುಗಿ ಇದ್ದಾಳೆ.”